ಕಡಲಾಮೆಯ ಗೂಡು ಕಾಯುವುದು: ಕರಾವಳಿಯ ಊರವರಿಗೊಂದು ಕೈಪಿಡಿ

ನವೆಂಬರ್ ಕಳೆಯುತ್ತಿದ್ದಂತೆ ನಮ್ಮ ಕರಾವಳಿಯ ಹೊಯಿಗೆ ದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಹತ್ತುತ್ತವೆ. ಒಡಿಶಾದ ಗಹಿರ್‌ಮಾಥಾದಲ್ಲೋ ಋಷಿಕುಲ್ಯಾದಲ್ಲೋ ಆಗುವಂತೆ ಒಂದೇ ವಾರದಲ್ಲಿ ಲಕ್ಷಗಟ್ಟಲೆ ಬರುವುದಿಲ್ಲ. ಇಲ್ಲಿ ಒಂದು ರಾತ್ರಿ ಕುಂದಾಪುರದ ಕೋಡಿಯಲ್ಲಿ ಒಂದು, ನಾಲ್ಕು ದಿನ ಬಿಟ್ಟು ಹೊನ್ನಾವರದ ಕಡೆ ಇನ್ನೊಂದು, ಮತ್ತೆಂದೋ ಸಸಿಹಿತ್ಲಿನಲ್ಲಿ ಮತ್ತೊಂದು. ಮುನ್ನೂರು ಕಿಲೋಮೀಟರಿಗೂ ಉದ್ದದ ದಂಡೆಯಲ್ಲಿ ಹೀಗೆ ಒಂಟಿಯಾಗಿ ಬರುವ ಜೀವವನ್ನು ಅರಣ್ಯ ಇಲಾಖೆಯ ಗಸ್ತು ಸಿಬ್ಬಂದಿಯೊಬ್ಬರೇ ಕಾಯಲು ಆಗುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕಡಲ ಕರೆಯಲ್ಲಿ ಇರುವವರು ಊರವರೇ. ಹಾಗಾಗಿ ಗೂಡು ಮೊದಲು ಕಾಣುವುದೂ ಅವರಿಗೇ, ನಾಯಿ ಅಗೆದು ತಿಂದದ್ದು ಕಾಣುವುದೂ ಅವರಿಗೇ.

ಇದನ್ನು ಬರೆಯುತ್ತಿರುವುದು ಈ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಳ್ಳುವ ಊರುಗಳಿಗಾಗಿ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೈಗೆ ಕೆಲಸ ಕಡಿಮೆ. ಕಣ್ಣಿಗೂ ಪೆನ್ನಿಗೂ ಹೆಚ್ಚು. ಮೊಟ್ಟೆಯನ್ನು ಅಗೆದು ಬಕೆಟ್ಟಿಗೆ ತುಂಬಿ ಫೋಟೊ ತೆಗೆಸಿಕೊಳ್ಳುವುದೇ ರಕ್ಷಣೆ ಎಂದು ತಿಳಿದ ಉತ್ಸಾಹಿಗಳಿಂದ ಹಾಳಾದ ಗೂಡುಗಳೂ ಉಂಟು.

ಮೊದಲು ಅರ್ಜಿ, ಆಮೇಲೆ ದಂಡೆ

ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿ. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಮೊಟ್ಟೆಗೂ ಅದು ಅನ್ವಯಿಸುತ್ತದೆ. ಕದ್ದರೆ, ಮಾರಿದರೆ ಕನಿಷ್ಠ 3 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡವೂ 25 ಸಾವಿರ ರೂಪಾಯಿಗಿಂತ ಕಡಿಮೆ ಇಲ್ಲ. ಒಳ್ಳೆಯ ಉದ್ದೇಶದಿಂದಲೇ ಆದರೂ ಅನುಮತಿಯಿಲ್ಲದೆ ಮೊಟ್ಟೆ ಎತ್ತಿ ಸಾಗಿಸುವುದು ಕಾನೂನಿನ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ಅಕ್ಟೋಬರ್‌ನಲ್ಲೇ, ಆಮೆ ಬರುವ ಮೊದಲು, ನಿಮ್ಮ ವಲಯ ಅರಣ್ಯಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ದಂಡೆ ಎಲ್ಲಿಂದ ಎಲ್ಲಿಯವರೆಗೆ, ಯಾರು ಯಾರು ನಡೆಯುತ್ತಾರೆ, ಅವರ ಫೋನ್ ನಂಬರು, ರಾತ್ರಿ ಗೂಡು ಕಂಡರೆ ಇಲಾಖೆಯಲ್ಲಿ ಯಾರಿಗೆ ಕರೆ ಮಾಡಬೇಕು, ಇಷ್ಟು ಅದರಲ್ಲಿ ಇರಲಿ. ಜೊತೆಗೆ ಒಂದು ದಿನದ ತರಬೇತಿಯನ್ನೂ ಕೇಳಿ. ಒಂದು ಪ್ರತಿ ಪಂಚಾಯಿತಿ ಪಿಡಿಒಗೆ ಕೊಡಿ. ಎರಡೂ ಕಡೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಯಾರ ನಂಬರೂ ಕೈಯಲ್ಲಿ ಇಲ್ಲದಿದ್ದಾಗ ಅರಣ್ಯ ಸಹಾಯವಾಣಿ 1926 ಇದೆ.

ಯಾರು ನಡೆಯಬೇಕು

ದೂರದ ಪೇಟೆಯಿಂದ ವಾರಾಂತ್ಯಕ್ಕೆ ಬರುವ ಸ್ವಯಂಸೇವಕರಿಗಿಂತ ನಾಡದೋಣಿಯವರು, ದಂಡೆಯಿಂದಲೇ ಕೈರಂಪಣಿ ಬಲೆ ಎಳೆಯುವವರು, ಬೆಳಿಗ್ಗೆ ಮೀನಿಗೆ ಬರುವ ಹೆಂಗಸರು ಮೇಲು. ಅವರು ಹೇಗೂ ಅಲ್ಲಿಗೆ ಬರುತ್ತಾರೆ. ದಂಡೆ ನಿನ್ನೆ ಹೇಗಿತ್ತು, ಇವತ್ತು ಏನು ಬದಲಾಗಿದೆ ಎಂಬುದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಒಬ್ಬೊಬ್ಬರಿಗೆ ಒಂದೆರಡು ಕಿಲೋಮೀಟರ್‌ಗಿಂತ ಹೆಚ್ಚು ವಹಿಸಬೇಡಿ. ಇಬ್ಬಿಬ್ಬರಾಗಿ ನಡೆದರೆ ಒಳ್ಳೆಯದು. ಹೊತ್ತು ಮುಖ್ಯ: ಬೆಳಕು ಹರಿಯುವ ಮುನ್ನ ಹೊರಟು, ಕಾಗೆ ಏಳುವ ಹೊತ್ತಿಗೆ ಮುಗಿಸಬೇಕು. ತಡವಾದರೆ ಗುರುತಿನ ಮೇಲೆ ವಾಕಿಂಗ್ ಬಂದವರ ಹೆಜ್ಜೆ ಬಿದ್ದಿರುತ್ತದೆ, ಇಲ್ಲವೇ ಭರತದ (ಉಬ್ಬರದ) ನೀರು ಅಳಿಸಿರುತ್ತದೆ.

ದುಡ್ಡಿನ ಮಾತನ್ನೂ ಮುಚ್ಚಿಡಬಾರದು. ಗೂಡು ತೋರಿಸಿದವರಿಗೆ ಇಲಾಖೆ ಕೆಲವೆಡೆ ಗೌರವಧನ ಕೊಟ್ಟದ್ದಿದೆ. ನಿಮ್ಮ ವಲಯದಲ್ಲಿ ಉಂಟೋ ಇಲ್ಲವೋ ಎಂದು ಮೊದಲೇ ಕೇಳಿ, ಊರವರಿಗೆ ನಿಜ ಹೇಳಿ. ಹಿಂದೆ ಇದೇ ಮೊಟ್ಟೆಯನ್ನು ತಿಂದವರು, ಮಾರಿದವರು ನಮ್ಮ ಊರುಗಳಲ್ಲೇ ಇದ್ದರು. ಗೂಡು ಹುಡುಕುವುದರಲ್ಲಿ ಅವರಿಗೆ ಇರುವ ಪರಿಣತಿ ಬೇರೆಯವರಿಗೆ ಇಲ್ಲ. ಹಿರಿಯರಲ್ಲಿ ಅಂಥವರಿದ್ದರೆ ದೂರ ಇಡುವ ಬದಲು ಮುಂದೆ ಕರೆದು ಕೂರಿಸಿ.

ಗುರುತು ಓದುವ ಬಗೆ

ಭರತದ ಗೆರೆಯ ಗುಂಟ ನಡೆಯಿರಿ. ಆಮೆ ಹತ್ತಿದ್ದರೆ ಆ ಗೆರೆಯನ್ನು ದಾಟಿ ಮೇಲೆ ಹೋದ ಒಂದು ಪಟ್ಟಿ, ಇಳಿದು ಬಂದ ಇನ್ನೊಂದು ಪಟ್ಟಿ ಕಾಣುತ್ತದೆ. ಆಲಿವ್ ರಿಡ್ಲೆಯ ಪಟ್ಟಿ ಸುಮಾರು 70ರಿಂದ 80 ಸೆಂಟಿಮೀಟರ್ ಅಗಲ. ಎಡ, ಬಲ ಕಾಲುಗಳ ಗುರುತು ಒಂದಾದ ಮೇಲೊಂದು ಬಿದ್ದಿರುತ್ತದೆ. ಹಸಿರು ಕಡಲಾಮೆಯದಾದರೆ ಪಟ್ಟಿ ಇನ್ನೂ ಅಗಲ, ಎರಡೂ ಬದಿಯ ಗುರುತು ಒಂದರ ಎದುರಿಗೊಂದು. ಹೊಯಿಗೆ ಯಾವ ಕಡೆಗೆ ತಳ್ಳಲ್ಪಟ್ಟಿದೆ ಎಂದು ನೋಡಿದರೆ ಹತ್ತಿದ್ದು ಯಾವುದು, ಇಳಿದದ್ದು ಯಾವುದು ಎಂದು ಗೊತ್ತಾಗುತ್ತದೆ, ಏಕೆಂದರೆ ಕಾಲು ಹೊಯಿಗೆಯನ್ನು ಹಿಂದಕ್ಕೆ ತಳ್ಳುತ್ತದೆ.

ಎರಡೂ ಪಟ್ಟಿ ಸೇರುವಲ್ಲಿ ಹೊಯಿಗೆ ಕದಡಿ, ಬಡಿದು ಸಮ ಮಾಡಿದಂತಿದ್ದರೆ ಗೂಡು ಇದೆ. ಮೊಟ್ಟೆ ಮುಚ್ಚಿದ ಮೇಲೆ ಆಮೆ ಮೈಯನ್ನು ಆ ಬದಿ ಈ ಬದಿ ಕುಟ್ಟಿ ಹೊಯಿಗೆಯನ್ನು ಗಟ್ಟಿ ಮಾಡುತ್ತದೆ. ಪಟ್ಟಿ ಮೇಲೆ ಹೋಗಿ ಸುಮ್ಮನೆ ತಿರುಗಿ ಬಂದಿದ್ದರೆ ಮೊಟ್ಟೆ ಇಟ್ಟಿಲ್ಲ, ಬೆಳಕೋ ಜನವೋ ನಾಯಿಯೋ ಹೆದರಿಸಿ ವಾಪಸು ಹೋಗಿದೆ. ಅದನ್ನೂ ಬರೆದುಕೊಳ್ಳಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೀಗಾದರೆ ಆ ದಂಡೆಯಲ್ಲಿ ಏನೋ ತೊಂದರೆ ಇದೆ ಎಂದರ್ಥ.

ಗೂಡಿದೆಯೇ ಎಂದು ಕೋಲು ಚುಚ್ಚಿ ನೋಡಬೇಡಿ. ಹಳಬರು ಕೋಲಿನಿಂದ ಪತ್ತೆ ಮಾಡುತ್ತಿದ್ದದ್ದು ನಿಜ, ಒಂದೆರಡು ಮೊಟ್ಟೆ ಒಡೆದರೆ ಅವರಿಗೆ ನಷ್ಟವಿರಲಿಲ್ಲ. ಈಗ ಒಡೆದ ಒಂದು ಮೊಟ್ಟೆಯ ವಾಸನೆಗೆ ಇರುವೆ, ಏಡಿ, ನಾಯಿ ಎಲ್ಲ ಬರುತ್ತವೆ.

ಆಮೆಯೇ ಎದುರಾದರೆ? ಟಾರ್ಚ್ ಆರಿಸಿ, ಅದರ ಹಿಂದೆ, ದೂರದಲ್ಲಿ ಕುಳಿತುಬಿಡಿ. ಹತ್ತಿ, ಅಗೆದು, ಇಟ್ಟು, ಮುಚ್ಚಿ ಇಳಿಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಮೊಟ್ಟೆ ಇಡಲು ಶುರು ಮಾಡುವ ಮೊದಲು ಸಣ್ಣ ಅಲುಗಾಟಕ್ಕೂ ಅದು ಹಿಂದಿರುಗಿಬಿಡುತ್ತದೆ.

ಇಟ್ಟಲ್ಲೇ ಬಿಡಿ

ಗೂಡು ಕಿರಿದಾದ ಬಾಯಿಯ ಕೊಡದ ಆಕಾರದಲ್ಲಿರುತ್ತದೆ, ಆಳ ಒಂದೂವರೆ ಅಡಿಯ ಆಸುಪಾಸು, ಒಳಗೆ ನೂರರ ಹತ್ತಿರ ಮೊಟ್ಟೆ. ಮರಿಯಾಗಲು 45ರಿಂದ 60 ದಿನ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಹೊಯಿಗೆಯ ಬಿಸಿ: 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಿಂದ ಮೇಲೆ ಹೋದಷ್ಟೂ ಹೆಣ್ಣು ಹೆಚ್ಚು, ಕೆಳಗಿಳಿದಷ್ಟೂ ಗಂಡು ಹೆಚ್ಚು. ತಾಯಿ ಆರಿಸಿದ ಜಾಗದಲ್ಲಿ ತೇವ, ಬಿಸಿ, ಆಳ ಎಲ್ಲ ತಾನಾಗಿ ಹೊಂದಿಕೊಂಡಿರುತ್ತದೆ. ನಾವು ತಯಾರಿಸಿದ ಜಾಗದಲ್ಲಿ ಅದನ್ನೆಲ್ಲ ಊಹೆಯ ಮೇಲೆ ಮಾಡಬೇಕು. ಹಾಗಾಗಿ ಗೂಡು ಭರತದ ಗೆರೆಗಿಂತ ಸಾಕಷ್ಟು ಮೇಲಿದ್ದರೆ ನಿಮ್ಮ ಮೊದಲ ಆಯ್ಕೆ ಒಂದೇ: ಕೈ ಹಾಕದೆ ಅಲ್ಲೇ ಕಾಯುವುದು.

ಕಾಯುವುದೆಂದರೆ ಹೀಗೆ. ಗೂಡಿನ ಸುತ್ತ ಒಂದು ಮೀಟರ್ ಚೌಕದಲ್ಲಿ ನಾಲ್ಕು ಗೂಟ ನೆಟ್ಟು, ತಂತಿಯ ಜಾಲರಿ ಸುತ್ತಿ, ಜಾಲರಿಯ ಕೆಳಗಿನ ಒಂದು ಅಡಿಯನ್ನು ಹೊಯಿಗೆಯೊಳಗೆ ಹೂಳಿ. ನಾಯಿ, ನರಿ ಅಗೆಯುವುದು ಬುಡದಿಂದ. ಹಳೆಯ ಬಲೆ ಮನೆಯಲ್ಲಿ ಬಿದ್ದಿದೆ ಎಂದು ಅದನ್ನು ಸಡಿಲವಾಗಿ ಸುತ್ತಬೇಡಿ, ಮರಿಗಳು ಅದರಲ್ಲೇ ಸಿಕ್ಕಿ ಸಾಯುತ್ತವೆ. ದಿನ ಹತ್ತಿರ ಬಂದಾಗ ರಾತ್ರಿ ಯಾರಾದರೂ ಇದ್ದು ಕಡಲ ಕಡೆಯ ಬದಿ ತೆರೆಯಬೇಕು. ಗೂಡಿನ ನೇರ ಮೇಲೆ ಗೂಟ ಹೊಡೆಯಬೇಡಿ ಎಂದು ಬೇರೆ ಹೇಳಬೇಕೇ? ಹೇಳಬೇಕು, ಹೊಡೆದವರಿದ್ದಾರೆ.

ಫಲಕದ ಮೇಲೆ ದಿನಾಂಕ, ಇಲಾಖೆಯ ಹೆಸರು, ಕಾಯ್ದೆಯ ಒಂದು ಸಾಲು ಸಾಕು. ಜಿಪಿಎಸ್ ಗುರುತನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ.

ಜಾಗ ಬದಲಿಸಲೇಬೇಕಾದರೆ

ಗೂಡು ನೀರು ಏರುವ ಗೆರೆಯೊಳಗಿದ್ದರೆ, ಕಡಲ್ಕೊರೆತ ಅಲ್ಲಿಗೆ ಬರುತ್ತಿದ್ದರೆ, ಇಲ್ಲವೇ ಕೈರಂಪಣಿ ಎಳೆಯುವ, ದೋಣಿ ಹತ್ತಿಸುವ ಜಾಗದಲ್ಲೇ ಇದ್ದರೆ ಬೇರೆಡೆಗೆ ಒಯ್ಯಬೇಕಾಗುತ್ತದೆ. ಇದನ್ನು ಮಾಡಬೇಕಾದವರು ಇಲಾಖೆಯವರು ಅಥವಾ ಅವರ ಎದುರಿಗೆ ತರಬೇತಿ ಪಡೆದವರು. ಆದರೂ ವಿಷಯ ನಿಮಗೆ ತಿಳಿದಿರಲಿ, ಏಕೆಂದರೆ ಇಲ್ಲಿ ಹೊತ್ತು ಓಡುತ್ತದೆ. ಇಟ್ಟ ಕೆಲವು ಗಂಟೆಗಳಲ್ಲೇ ಒಳಗಿನ ಭ್ರೂಣ ಮೊಟ್ಟೆಯ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ, ಮಗುಚಿದರೆ ಅದು ಸಾಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಐವತ್ತು ದಿನ ಕಾದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಸಾಗಿಸುವುದಾದರೆ ಇಟ್ಟ ಐದಾರು ಗಂಟೆಯೊಳಗೆ. ಹೊತ್ತು ಮೀರಿತೆಂದರೆ ಏನು ಮಾಡುವುದೆಂದು ಇಲಾಖೆಯವರೇ ತೀರ್ಮಾನಿಸಲಿ.

ಒಂದೊಂದೇ ಮೊಟ್ಟೆಯನ್ನು, ಇದ್ದ ಮಗ್ಗುಲಲ್ಲೇ ಎತ್ತಿ, ಅದೇ ಗೂಡಿನ ತೇವದ ಹೊಯಿಗೆ ಹಾಕಿದ ಬಕೆಟ್ಟಿಗೆ ಇಡಬೇಕು. ಕೈಗೆ ಸೊಳ್ಳೆಯ ಮುಲಾಮು, ಬೀಡಿಯ ವಾಸನೆ, ಡೀಸೆಲ್ ಇರಬಾರದು. ಬಕೆಟ್ಟನ್ನು ಬೈಕಿನ ಹಿಂದೆ ಕುಲುಕಿಸಿಕೊಂಡು ಹೋಗದೆ ಕೈಯಲ್ಲಿ ಹಿಡಿದು ನಡೆಯಿರಿ. ಹೊಸ ಗುಂಡಿ ಹಳೆಯದರಷ್ಟೇ ಆಳ, ಅದೇ ಆಕಾರ. ಎರಡು ಗೂಡುಗಳ ನಡುವೆ ಒಂದು ಮೀಟರ್ ಅಂತರ ಬಿಡಿ. ಬೇಲಿ ಹಾಕಿದ ಆವರಣದ ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕುವ ರೂಢಿಯಿದೆ. ಪೂರ್ತಿ ಹಾಕಿದರೆ ಹೊಯಿಗೆ ತಣಿದು ಗಂಡು ಮರಿಗಳೇ ಹೆಚ್ಚಾದೀತು, ಏನೂ ಹಾಕದಿದ್ದರೆ ಮಾರ್ಚ್‌ನ ಬಿಸಿಲಿಗೆ ಮೊಟ್ಟೆ ಬೆಂದೀತು. ಅರ್ಧ ನೆರಳು ಸಾಕು. ಒಂದು ತಾಪಮಾಪಕವನ್ನು ಗೂಡಿನ ಆಳಕ್ಕೆ ಪಕ್ಕದಲ್ಲಿ ಹೂತಿಟ್ಟು ದಿನಾ ಬರೆದರೆ ಊಹಿಸುವ ಅಗತ್ಯ ಬೀಳುವುದಿಲ್ಲ. ಮುಂದಿನ ವರ್ಷ ಆವರಣವನ್ನು ಬೇರೆ ಜಾಗಕ್ಕೆ ಹಾಕಿ. ಒಡೆಯದ ಮೊಟ್ಟೆಗಳು ಕೊಳೆತ ಹೊಯಿಗೆಯಲ್ಲಿ ಬೂಷ್ಟು, ಹುಳ ಉಳಿದಿರುತ್ತದೆ.

ಬೆಳಕು ಮತ್ತು ಮೀನಿನ ತ್ಯಾಜ್ಯ

ಇವೆರಡೂ ಪಂಚಾಯಿತಿಯ ಕೆಲಸ, ಆದ್ದರಿಂದ ಗ್ರಾಮಸಭೆಯಲ್ಲೇ ಎತ್ತಿ. ಮರಿ ಹೊರಬಂದ ಕೂಡಲೇ ಹೆಚ್ಚು ಬೆಳಕಿರುವ ದಿಕ್ಕಿಗೆ ಓಡುತ್ತದೆ. ಕತ್ತಲ ದಂಡೆಯಲ್ಲಿ ಅದು ಕಡಲ ಕಡೆ. ಹೈಮಾಸ್ಟ್ ದೀಪ ಇರುವಲ್ಲಿ ರಸ್ತೆಯ ಕಡೆ. ದೀಪ ತೆಗೆಯಿರಿ ಎಂದರೆ ಜಗಳವಾಗುತ್ತದೆ. ಡಿಸೆಂಬರಿನಿಂದ ಮೇವರೆಗೆ ರಾತ್ರಿ ಹತ್ತರ ಮೇಲೆ ಆರಿಸಿ, ಅಥವಾ ಕಡಲ ಕಡೆ ತಗಡಿನ ಮರೆ ಹಾಕಿ ಎಂದರೆ ಒಪ್ಪುವವರು ಸಿಗುತ್ತಾರೆ. ರೆಸಾರ್ಟಿನವರಿಗೂ ಅದೇ ಮಾತು.

ನಾಯಿಗಳ ಮೂಲ ಮೀನಿನ ತ್ಯಾಜ್ಯ. ಮಾರುಕಟ್ಟೆಯ ಹಿಂದೆ, ಗಾಳಿ ಮರದ ತೋಪಿನೊಳಗೆ ಸುರಿದ ತಲೆ, ಕರುಳು ಇರುವವರೆಗೆ ಎಷ್ಟು ಬೇಲಿ ಹಾಕಿದರೂ ಸಾಲದು. ಗಾಳಿ ಮರದ ಬಗ್ಗೆಯೂ ಒಂದು ಮಾತು: ದಂಡೆಯ ಅಂಚಿನವರೆಗೆ ಅದನ್ನು ನೆಡುವ ವನಮಹೋತ್ಸವಕ್ಕೆ ಒಪ್ಪಬೇಡಿ. ಬೇರು, ಎಲೆಕಸ ಎರಡೂ ಗೂಡಿಗೆ ಅಡ್ಡಿ. ಅಲ್ಲಿ ಇರಬೇಕಾದದ್ದು ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು. ಹೊಯಿಗೆಯನ್ನು ಹಿಡಿದಿಡುವುದು ಅವೇ. ಕಡಲ್ಕೊರೆತಕ್ಕೆಂದು ಬಂಡೆಗಲ್ಲು ಸುರಿದ ದಂಡೆಗೆ ಆಮೆ ಹತ್ತಲಾರದು. ಕೇರಳದ ಪಯ್ಯೋಳಿ ಹತ್ತಿರದ ಕೊಳಾವಿಪ್ಪಾಲಂನಲ್ಲಿ 1992ರಲ್ಲೇ ಮೀನುಗಾರ ಯುವಕರು ಗೂಡು ಕಾಯಲು ಶುರು ಮಾಡಿದರು, ದೇಶಕ್ಕೇ ಹೆಸರಾದರು. ಆದರೆ ಕೊರೆತ, ಮರಳುಗಾರಿಕೆ, ತಡೆಗೋಡೆಗಳ ನಡುವೆ ದಂಡೆಯೇ ಸವೆಯಿತು, ಬರುವ ಆಮೆಗಳೂ ತೀರಾ ಕಡಿಮೆಯಾದವು. ಮೊಟ್ಟೆ ಕಾಯುವ ಗುಂಪು ದಂಡೆಯ ಕಾಮಗಾರಿಯ ಕಡೆಗೂ ಕಣ್ಣಿಡಬೇಕಾಗುತ್ತದೆ.

ಮರಿ ಬರುವ ರಾತ್ರಿ

45ನೇ ದಿನದಿಂದ ರಾತ್ರಿ ಕಾವಲು ಇರಲಿ. ಗೂಡಿನ ಮೇಲಿನ ಹೊಯಿಗೆ ಸ್ವಲ್ಪ ಕುಸಿದು ತಗ್ಗಾಗುವುದು ಮುನ್ಸೂಚನೆ. ಮರಿಗಳು ಸಾಮಾನ್ಯವಾಗಿ ಹೊಯಿಗೆ ತಣಿದ ಮೇಲೆ ಒಟ್ಟಿಗೆ ಉಕ್ಕಿ ಬರುತ್ತವೆ. ಬಂದವು ಬಂದ ಹಾಗೆ ಕಡಲಿಗೆ ಹೋಗಲಿ. ದಂಡೆಯ ಮೇಲೆ ಅವು ತಾವೇ ತೆವಳಿಕೊಂಡು ಹೋಗಬೇಕು, ಎತ್ತಿ ನೀರಿಗೆ ಎಸೆಯಬಾರದು. ಟಬ್ಬಿನ ನೀರಿನಲ್ಲಿ ಬಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಗಣ್ಯರಿಂದ ಬಿಡಿಸುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಮರಿಯ ಹೊಟ್ಟೆಯಲ್ಲಿ ಉಳಿದಿರುವ ಹಳದಿಯೇ ಮೊದಲ ದಿನಗಳ ಬುತ್ತಿ, ಅದನ್ನು ಟಬ್ಬಿನಲ್ಲೇ ಈಜಿ ಮುಗಿಸಿದರೆ ಅಲೆ ದಾಟಿ ಆಳಕ್ಕೆ ಹೋಗಲು ಶಕ್ತಿ ಇರುವುದಿಲ್ಲ. ಹತ್ತು ಗಂಟೆಗೆ ಮೇಲೆ ಹದ್ದು, ಕಾಗೆಗಳೂ ತಯಾರಾಗಿರುತ್ತವೆ. ಶಾಸಕರು ಬರಬೇಕೆಂದಿದ್ದರೆ ಬೆಳಗಿನ ಜಾವ ಐದಕ್ಕೆ ಬರಲಿ, ಬಂದವರೂ ಇದ್ದಾರು.

ನೋಡಲು ಜನ ಬಂದೇ ಬರುತ್ತಾರೆ. ಹಗ್ಗ ಕಟ್ಟಿ, ಅದರ ಹಿಂದೆ ನಿಲ್ಲಿಸಿ, ಮೊಬೈಲ್ ಫ್ಲಾಶ್ ಆರಿಸಲು ಹೇಳುವ ಒಬ್ಬ ಗಟ್ಟಿ ಗಂಟಲಿನವರನ್ನು ನಿಲ್ಲಿಸಿ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೇಳಾಸ್‌ನಲ್ಲಿ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಊರವರ ಜೊತೆ ಈ ಕೆಲಸ ಶುರು ಮಾಡಿತು. 2006ರಿಂದ ಅಲ್ಲಿ ಆಮೆ ಉತ್ಸವ ನಡೆಯುತ್ತಿದೆ, ಬಂದವರು ಊರಿನ ಮನೆಗಳಲ್ಲೇ ಉಳಿದು ಊಟ ಮಾಡುವುದರಿಂದ ಹಣ ಊರಲ್ಲೇ ಉಳಿಯುತ್ತದೆ. ನಮ್ಮಲ್ಲೂ ಆಗಬಹುದಾದದ್ದೇ. ಆದರೆ ನಾಲ್ಕು ವರ್ಷ ಗೂಡು ಕಾದು ಅನುಭವವಾದ ಮೇಲೆ ಉತ್ಸವದ ಮಾತು. ಮೊದಲ ವರ್ಷವೇ ಪೋಸ್ಟರ್ ಅಂಟಿಸಿದರೆ ಜನ ಬರುತ್ತಾರೆ, ಆಮೆ ಬರುವುದಿಲ್ಲ.

ಮರಿಗಳೆಲ್ಲ ಹೋದ ಎರಡು ಮೂರು ದಿನದ ಮೇಲೆ ಇಲಾಖೆಯವರ ಎದುರು ಗೂಡು ತೆರೆದು ಚಿಪ್ಪು ಎಣಿಸಬೇಕು. 108 ಮೊಟ್ಟೆಯಲ್ಲಿ 86 ಒಡೆದ ಚಿಪ್ಪು ಸಿಕ್ಕರೆ ಶೇ 80ರ ಹತ್ತಿರ. ಒಳಗೆ ಸಿಕ್ಕಿಕೊಂಡ ಒಂದೆರಡು ಮರಿಗಳೂ ಆಗಲೇ ಸಿಗುತ್ತವೆ.

ಬಲೆಗೆ ಬಿದ್ದ ಆಮೆ

ಬಲೆಯಲ್ಲಿ ಆಮೆ ಕಂಡರೆ ಕೂರ್ಮಾವತಾರವೆಂದು ಕೈಮುಗಿದು ಬಿಡುವವರು ನಮ್ಮ ಮೀನುಗಾರರಲ್ಲಿ ಬಹಳ ಮಂದಿ. ಅವರಿಗೆ ತಿಳಿಸಬೇಕಾದದ್ದು ಒಂದೇ: ಅಲುಗದ ಆಮೆ ಸತ್ತಿದೆ ಎಂದು ತಕ್ಷಣ ನೀರಿಗೆ ಬಿಡಬೇಡಿ. ಉಸಿರಿಗೆ ಮೇಲೆ ಬರಲಾಗದೆ ಮೂರ್ಛೆ ಹೋಗಿರಬಹುದು, ನೀರಿಗೆ ಬಿದ್ದರೆ ಮುಳುಗಿ ಸಾಯುತ್ತದೆ. ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಹಿಂಭಾಗವನ್ನು ಅರ್ಧ ಅಡಿ ಎತ್ತರಿಸಿ, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿಡಿ, ಮೂಗು ಮಾತ್ರ ತೆರೆದಿರಲಿ. ಕೆಲವು ಗಂಟೆಯಲ್ಲಿ ಚೇತರಿಸಿಕೊಂಡದ್ದು ಎಷ್ಟೋ ಸಲ ಆಗಿದೆ, ಕೆಲವಕ್ಕೆ ಒಂದು ದಿನ ಬೇಕು. ಕಾಲಿಗೆ ಸುತ್ತಿದ ಬಲೆಯನ್ನು ಎಳೆಯದೆ ಕತ್ತರಿಸಿ. ತಾನಾಗಿ ದಂಡೆಗೆ ಬಂದು ಬಿದ್ದ ಗಾಯಾಳುವನ್ನು ಮತ್ತೆ ಕಡಲಿಗೆ ತಳ್ಳುವುದೂ ಸಲ್ಲದು, ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ. ಸತ್ತದ್ದಾದರೆ ಫೋಟೊ ತೆಗೆದು, ಚಿಪ್ಪಿನ ಉದ್ದ ಅಳೆದು, ಎರಡನೇ ಸಲ ಎಣಿಕೆಗೆ ಬಾರದಂತೆ ಬಣ್ಣದ ಗುರುತು ಹಾಕಿ.

ಪುಸ್ತಕ

ನನ್ನನ್ನು ಕೇಳಿದರೆ, ಇಡೀ ಕೆಲಸದಲ್ಲಿ ಹೆಚ್ಚು ಕಾಲ ಬಾಳುವುದು ಇದೇ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ಎದ್ದಾಗ, ಅಲ್ಲಿ ಆಮೆ ಮೊಟ್ಟೆ ಇಡುತ್ತದೆಯೇ ಇಲ್ಲವೇ ಎಂಬುದೇ ವಾದದ ವಸ್ತುವಾಯಿತು. ಅಜ್ಜನ ಕಾಲದಿಂದ ನೋಡಿದ್ದೇವೆ ಎಂಬುದು ಕಚೇರಿಗಳಲ್ಲಿ, ಕೋರ್ಟುಗಳಲ್ಲಿ ಸಾಕಾಗುವುದಿಲ್ಲ. ದಿನಾಂಕ, ಫೋಟೊ, ಸೀಲು ಬೇಕು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅತಿ ಹೆಚ್ಚು ರಕ್ಷಣೆಯ ವರ್ಗವಾದ ಒಂದು-ಎ ಪಟ್ಟಿಯಲ್ಲಿ ಆಮೆ ಮೊಟ್ಟೆ ಇಡುವ ಜಾಗದ ಹೆಸರಿದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಳ ದಿಬ್ಬ, ಹಕ್ಕಿ ಗೂಡು ಕಟ್ಟುವ ತಾಣ, ಪುರಾತತ್ವ ಮಹತ್ವದ ಕಟ್ಟಡ, ಪಾರಂಪರಿಕ ತಾಣಗಳೂ ಅದೇ ಪಟ್ಟಿಯಲ್ಲಿವೆ.

ಹಾಗಾಗಿ ಪುಸ್ತಕವನ್ನು ಆಮೆಗೆ ಮಾತ್ರ ಮೀಸಲಿಡಬೇಡಿ. ಮೊದಲ ಅರ್ಧದಲ್ಲಿ ಗೂಡುಗಳು: ದಿನ, ಹೊತ್ತು, ಜಿಪಿಎಸ್ ಅಂಕಿ, ಜೊತೆಗೆ ಊರಲ್ಲಿ ಕರೆಯುವ ಹೆಸರು, ಪಟ್ಟಿಯ ಅಗಲ, ಭರತದ ಗೆರೆಯಿಂದ ದೂರ, ಮೊಟ್ಟೆಯ ಲೆಕ್ಕ, ಮರಿಯಾದ ದಿನ, ನೋಡಿದವರ ಸಹಿ. ಇನ್ನರ್ಧದಲ್ಲಿ ದಂಡೆಯ ಉಳಿದದ್ದು: ಕಡಲಿನವರ ದೈವ ಬೊಬ್ಬರ್ಯನ ಗುಡಿ, ಹಳೆಯ ದೋಣಿ ತಂಗುದಾಣ, ಕೋಟೆಯ ಕುರುಹು, ಸಿಹಿನೀರಿನ ಬಾವಿ, ಮೀನು ಒಣಗಿಸುವ ಬಯಲು. ಅಘನಾಶಿನಿಯ ಅಳಿವೆಯವರಾದರೆ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ, ಚಿಪ್ಪೆಕಲ್ಲು ತೆಗೆಯುವ ಜಾಗಗಳನ್ನೂ ಸೇರಿಸಿ. ಆ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಗಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಲ್ಲಿನ ದಾಖಲೆಗೆ ತೂಕ ಹೆಚ್ಚು. ಹಿರಿಯರನ್ನು ಕೂರಿಸಿಕೊಂಡು ಬರೆಸಿ, ಶಾಲೆಯ ಮಕ್ಕಳಿಂದ ನಕ್ಷೆ ಬರೆಸಿ.

ಈ ಪುಸ್ತಕಕ್ಕೆ ಸರಕಾರಿ ಮನೆಯೂ ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಬಹಳ ಕಡೆ ಸಮಿತಿ ಕಾಗದದ ಮೇಲಷ್ಟೇ ಇರುತ್ತದೆ. ಸದಸ್ಯರು ಯಾರೆಂದು ಪಿಡಿಒ ಅವರನ್ನು ಕೇಳಿ, ಅಗತ್ಯವಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ, ನಿಮ್ಮ ಪುಟಗಳನ್ನು ಆ ದಾಖಲಾತಿಗೆ ಸೇರಿಸುವಂತೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಕರಾವಳಿ ವಲಯದ ನಕ್ಷೆಯ ಮೇಲೆ ಜಿಲ್ಲಾಡಳಿತ ಸಾರ್ವಜನಿಕ ಅಹವಾಲು ಕರೆದಾಗ ಭಾಷಣದ ಬದಲು ಈ ಪುಟಗಳ ನಕಲನ್ನು ಲಿಖಿತ ಆಕ್ಷೇಪಣೆಯ ಜೊತೆ ಲಗತ್ತಿಸಿ.

ಮೇ ಕೊನೆಗೆ, ಮಳೆಗೆ ಮೊದಲು, ಜಾಲರಿ, ಗೂಟ ಕಿತ್ತು ತೊಳೆದು ಒಳಗಿಡಿ. ಮಳೆಗಾಲದ ಅಲೆಗೆ ಬಿಟ್ಟರೆ ಅದೇ ಕಡಲ ಕಸವಾಗುತ್ತದೆ. ಪುಸ್ತಕದ ನಕಲು ಎರಡು ಮಾಡಿಸಿ, ಒಂದನ್ನು ವಲಯ ಕಚೇರಿಗೆ ಸೀಲಿನೊಂದಿಗೆ ಕೊಟ್ಟು, ಇನ್ನೊಂದನ್ನು ಗುಂಪಿನ ಬೇರೊಬ್ಬರ ಮನೆಯಲ್ಲಿಡಿ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ, ಬೋಟಿನವರೆಲ್ಲ ಊರಲ್ಲೇ ಇರುತ್ತಾರೆ. ಬಲೆಗೆ ಬಿದ್ದ ಆಮೆಯ ವಿಚಾರ ಅವರ ಹತ್ತಿರ ಮಾತಾಡಲು ಅದೇ ಸರಿಯಾದ ಹೊತ್ತು.